ಜ್ವರ ಬಿಟ್ಟಿತ್ತು, ಮಲೇರಿಯಾ ಬಿಟ್ಟಿರಲಿಲ್ಲ

ನನ್ನ ತಮ್ಮನಿಗೆ ಒಂದೇ ವರ್ಷದಲ್ಲಿ ಎರಡು ಸಲ ಮಲೇರಿಯಾ ಬಂತು. ಎರಡನೇ ಸಲ ಮನೆಯವರೆಲ್ಲ ಸೊಳ್ಳೆಗೆ ಶಾಪ ಹಾಕಿದೆವು. ಡಾಕ್ಟರ್ ಕೇಳಿದ್ದು ಬೇರೆ: "ಹೋದ ಸಲ ಕೊಟ್ಟ 14 ದಿನದ ಮಾತ್ರೆ ಪೂರ್ತಿ ತಗೊಂಡಿದ್ರಾ?" ಅವನು ಐದನೇ ದಿನಕ್ಕೇ ನಿಲ್ಲಿಸಿದ್ದ. ಜ್ವರ ಹೋಗಿತ್ತಲ್ಲ, ಇನ್ಯಾಕೆ ಮಾತ್ರೆ ಅಂತ. ಹಳೆಯದೇ ಮತ್ತೆ ಎದ್ದಿರಬೇಕು ಅಂದರು ಡಾಕ್ಟರ್.

ಅವನಿಗೆ ಬಂದದ್ದು ವೈವಾಕ್ಸ್ ಮಲೇರಿಯಾ. ಸೊಳ್ಳೆ ಕಚ್ಚಿದಾಗ ಒಳಗೆ ಬರುವ ರೋಗಾಣುಗಳು ಮೊದಲು ಲಿವರ್‌ಗೆ ಹೋಗಿ ಸೇರುತ್ತವೆ. ಅಲ್ಲಿ ಬೆಳೆದು ರಕ್ತಕ್ಕೆ ಇಳಿದು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಆ ನಡುಕ, ಆ ಜ್ವರ ಎಲ್ಲ ಬರುವುದು ಆಗ. ಆದರೆ ವೈವಾಕ್ಸ್‌ನಲ್ಲಿ ಕೆಲವು ರೋಗಾಣುಗಳು ಲಿವರ್‌ನಲ್ಲೇ ಮಲಗಿಬಿಡುತ್ತವೆ. ಮೂರು ದಿನ ಕೊಡುವ ಕ್ಲೋರೋಕ್ವಿನ್ ರಕ್ತದಲ್ಲಿರುವುದನ್ನು ಕೊಲ್ಲುತ್ತದೆ, ಮಲಗಿರುವುದನ್ನು ಮುಟ್ಟುವುದಿಲ್ಲ. ಅದಕ್ಕೇ ಪ್ರೈಮಾಕ್ವಿನ್ ಕೊಡುವುದು, ಸಾಮಾನ್ಯವಾಗಿ 14 ದಿನ. ನಡುವೆ ಬಿಟ್ಟರೆ ವಾರಗಳ ನಂತರವೋ ತಿಂಗಳುಗಳ ನಂತರವೋ ಆ ರೋಗಾಣು ಎದ್ದು ಬರಬಹುದು. ಹೊಸ ಸೊಳ್ಳೆ ಕಚ್ಚಲೇಬೇಕು ಅಂತಿಲ್ಲ.

ಇದು ಒಬ್ಬನ ತೊಂದರೆ ಮಾತ್ರ ಅಲ್ಲ. ಸೊಳ್ಳೆ ಹುಟ್ಟುವಾಗಲೇ ಮಲೇರಿಯಾ ಹೊತ್ತುಕೊಂಡು ಬರುವುದಿಲ್ಲ. ರೋಗ ಇರುವ ಮನುಷ್ಯನನ್ನು ಕಚ್ಚಿದ ಮೇಲೇ ಅದಕ್ಕೆ ಅಂಟುವುದು. ಅಂದರೆ ಅರ್ಧಕ್ಕೆ ಮಾತ್ರೆ ಬಿಟ್ಟವನಿಂದ ಪಕ್ಕದ ಮನೆಯ ಮಗುವಿಗೂ ಬರಬಹುದು. ನನ್ನನ್ನು ಹೆಚ್ಚು ಕಾಡಿದ್ದು ಈ ಮಾತು.

ಹಾಗಂತ ಪ್ರೈಮಾಕ್ವಿನ್ ಅನ್ನು ಸುಮ್ನೆ ಅಂಗಡಿಯಿಂದ ತಂದು ನುಂಗುವಂತಿಲ್ಲ. ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುವವರಲ್ಲಿ ಅದು ರಕ್ತಕಣಗಳನ್ನೇ ಒಡೆಯುತ್ತದೆ. ಅದಕ್ಕೆ ಒಂದು ರಕ್ತ ಪರೀಕ್ಷೆ ಇದೆ, ಕೇಳಿ ಮಾಡಿಸಿಕೊಳ್ಳಿ. ಮಾತ್ರೆ ನಡೆಯುವಾಗ ಮೂತ್ರ ಕಪ್ಪಗಾದರೆ ನಿಲ್ಲಿಸಿ, ತಕ್ಷಣ ಡಾಕ್ಟರ್ ಹತ್ತಿರ ಹೋಗಿ. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ.

ಇನ್ನು ಲಕ್ಷಣಗಳು. ಮೊದಲು ಹಲ್ಲು ಕಟಕಟಿಸುವ ಚಳಿ, ಆಮೇಲೆ ಸುಡುವ ಜ್ವರ, ಕೊನೆಗೆ ಮೈಯೆಲ್ಲ ಬೆವರು, ದಿನ ಬಿಟ್ಟು ದಿನ. ಎಲ್ಲರಿಗೂ ಗೊತ್ತಿರುವುದು ಇದು. ಆದರೆ ಮೊದಲ ಕೆಲವು ದಿನ ಜ್ವರಕ್ಕೆ ಯಾವ ಲೆಕ್ಕವೂ ಇರುವುದಿಲ್ಲ. ತಲೆನೋವು, ಮೈಕೈ ನೋವು, ವಾಂತಿ, ಅಷ್ಟೇ ಇರಬಹುದು. "ನಡುಕ ಬಂದಿಲ್ಲ, ಮಲೇರಿಯಾ ಅಲ್ಲ" ಅಂತ ಪ್ಯಾರಾಸಿಟಮಾಲ್ ನುಂಗಿ ಕಾಯಬೇಡಿ. ಮಲೇರಿಯಾ ಇರುವ ಜಾಗದಲ್ಲಿದ್ದರೆ ಅಥವಾ ಅಲ್ಲಿಗೆ ಹೋಗಿ ಬಂದಿದ್ದರೆ, ಜ್ವರ ಬಂದ ದಿನವೇ ರಕ್ತ ಪರೀಕ್ಷೆ ಮಾಡಿಸಿ. ಎಲ್ಲಿಗೆ ಹೋಗಿದ್ದಿರಿ ಅಂತ ನೀವಾಗಿಯೇ ಹೇಳಿ. ಒಂದು ಸಲ ಏನೂ ಸಿಗದೆ ಜ್ವರ ಮುಂದುವರಿದರೆ ಮತ್ತೆ ಪರೀಕ್ಷೆ ಮಾಡಿಸಬೇಕು.

ಮಲೇರಿಯಾದ ಇನ್ನೊಂದು ಬಗೆ ಫಾಲ್ಸಿಪಾರಂ. ಅದಾದರೆ ತಡ ಮಾಡುವಂತೆಯೇ ಇಲ್ಲ. ಚಿಕಿತ್ಸೆ ಸಿಗದಿದ್ದರೆ 24 ಗಂಟೆಯೊಳಗೆ ಪರಿಸ್ಥಿತಿ ಕೈಮೀರಬಹುದು. ಮಾತು ತಡವರಿಸುವುದು, ಫಿಟ್ಸ್, ಏದುಸಿರು, ಕಣ್ಣು ಹಳದಿಯಾಗುವುದು, ಎದ್ದು ಕೂರಲಾಗದಷ್ಟು ಸುಸ್ತು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಓಡಿ. ಆಗ ಆರ್ಟಿಸುನೇಟ್ ಇಂಜೆಕ್ಷನ್ ಬೇಕಾಗುತ್ತದೆ. 2023ರಲ್ಲಿ ಜಗತ್ತಿನಲ್ಲಿ ಸುಮಾರು 5,97,000 ಜನ ಮಲೇರಿಯಾದಿಂದ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅವರಲ್ಲಿ ಬಹುಪಾಲು ಆಫ್ರಿಕಾದ, ಐದು ವರ್ಷ ತುಂಬದ ಮಕ್ಕಳು. ಔಷಧಿ ಇರುವ ಕಾಯಿಲೆ ಇದು, ಅದೇ ಸಂಕಟ.

ಆ ಔಷಧಿ ಸುಲಭವಾಗಿ ಸಿಕ್ಕಿದ್ದೂ ಅಲ್ಲ. 1950ರ ದಶಕದ ಕೊನೆಗೆ ಫಾಲ್ಸಿಪಾರಂ ಕ್ಲೋರೋಕ್ವಿನ್‌ಗೆ ಬಗ್ಗದಂತಾಯಿತು. 1972ರ ಹೊತ್ತಿಗೆ ಚೀನಾದ ವಿಜ್ಞಾನಿ ಟು ಯೂಯೂ ಅವರ ತಂಡ ಒಂದು ಗಿಡದಿಂದ ಆರ್ಟಿಮಿಸಿನಿನ್ ತೆಗೆಯಿತು. ಮೇಲೆ ಹೇಳಿದ ಆರ್ಟಿಸುನೇಟ್ ಮಾಡುವುದೂ ಇದರಿಂದಲೇ. 2015ರಲ್ಲಿ ಅವರಿಗೆ ನೊಬೆಲ್ ಬಂತು. ಆರ್ಟಿಮಿಸಿನಿನ್ ಬೇಗ ಕೊಲ್ಲುತ್ತದೆ, ಆದರೆ ಗಂಟೆಗಳಲ್ಲೇ ಮೈಯಿಂದ ಇಳಿದುಹೋಗುತ್ತದೆ. ಉಳಿದದ್ದನ್ನು ಕೊಲ್ಲಲು ಜೊತೆಗೆ ಇನ್ನೊಂದು ಔಷಧಿ ಬೇಕು. ಆ ಜೋಡಿಯೇ ಎಸಿಟಿ, ಸಾಮಾನ್ಯವಾಗಿ ಮೂರು ದಿನ. ಎರಡು ಡೋಸ್‌ಗೆ ಜ್ವರ ಇಳಿಯಿತು ಅಂತ ಉಳಿದದ್ದನ್ನು ಡ್ರಾಯರ್‌ನಲ್ಲಿ ಇಟ್ಟರೆ ಬದುಕುಳಿಯುವುದು ಗಟ್ಟಿ ರೋಗಾಣುಗಳೇ ಅಲ್ವಾ? ಆ ಉಳಿದ ಮಾತ್ರೆಯನ್ನು ಇನ್ನೊಬ್ಬರಿಗೆ ಕೊಡುವುದಂತೂ ಬೇಡವೇ ಬೇಡ.

ಈ ಸಲ ಅಮ್ಮ ಮಾತ್ರೆ ಶೀಟಿನ ಮೇಲೆ ಪೆನ್ನಿನಲ್ಲಿ 1ರಿಂದ 14ರವರೆಗೆ ಬರೆದಿಟ್ಟರು. ದಿನಾ ಊಟ ಆದ ಮೇಲೆ ತಮ್ಮ ನುಂಗುವವರೆಗೂ ಎದುರಿಗೇ ನಿಂತಿರುತ್ತಿದ್ದರು.

ತಡೆಯುವ ಕೆಲಸ ಅಷ್ಟೇನೂ ಕಷ್ಟ ಅಲ್ಲ. ಮಲೇರಿಯಾ ಹರಡುವ ಅನಾಫಿಲಿಸ್ ಹೆಣ್ಣು ಸೊಳ್ಳೆ ಕಚ್ಚುವುದು ಸಂಜೆಯಿಂದ ಬೆಳಗಿನ ಜಾವದವರೆಗೆ, ಹಾಗಾಗಿ ಪರದೆಯೊಳಗೆ ಮಲಗಿ. ಔಷಧಿ ಲೇಪಿಸಿದ ಪರದೆ ಇನ್ನೂ ಒಳ್ಳೆಯದು. ಹೊಗೆ ಬಿಟ್ಟರೆ ಸಾಯುವುದು ಹಾರುವ ಸೊಳ್ಳೆ ಮಾತ್ರ, ನೀರಿನಲ್ಲಿರುವ ಮರಿಗಳಿಗೆ ಏನೂ ಆಗುವುದಿಲ್ಲ. ಮೊಟ್ಟೆ ಸೊಳ್ಳೆಯಾಗಲು ಒಂದೆರಡು ವಾರ ಸಾಕು, ಅದಕ್ಕೆ ವಾರಕ್ಕೊಮ್ಮೆ ನೀರು ಖಾಲಿ ಮಾಡಿ ಉಜ್ಜಿ. ಕೊಳಕು ಚರಂಡಿಯನ್ನಷ್ಟೇ ಅನುಮಾನಿಸಬೇಡಿ, ಅನಾಫಿಲಿಸ್‌ಗೆ ಸ್ವಚ್ಛ ನೀರೂ ಆಗುತ್ತದೆ. ತಮ್ಮನ ಮನೆಯ ಟ್ಯಾಂಕ್ ಹತ್ತಿ ನೋಡಿದಾಗ ಮುಚ್ಚಳ ಒಡೆದಿತ್ತು, ನೀರಿನ ಮೇಲೆ ಮರಿಗಳು ಓಡಾಡುತ್ತಿದ್ದವು. ಅವತ್ತೇ ಇಬ್ಬರೂ ಸೇರಿ ಖಾಲಿ ಮಾಡಿ, ಉಜ್ಜಿ, ಹೊಸ ಮುಚ್ಚಳ ಹಾಕಿದೆವು.