ಸ್ಥಳೀಯ ಕಲಾವಿದರಿಗೂ ಹೆಸರಿದೆ

ಕಲಬುರಗಿಯಿಂದ ತಮ್ಮ ಕಳಿಸಿದ ಉತ್ಸವದ ಆಮಂತ್ರಣ ಪತ್ರಿಕೆಯನ್ನು ಮೊಬೈಲಿನಲ್ಲಿ ಹಿಗ್ಗಿಸಿ ನೋಡಿದೆ. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಅರ್ಧ ಪುಟ. ಹೊರಗಿನಿಂದ ಬರುವ ಗಾಯಕರಿಗೆ ಭಾವಚಿತ್ರ. ನಮ್ಮೂರಿನ ಮೇಳಕ್ಕೆ ಕೆಳಗಡೆ ಒಂದೇ ಸಾಲು: ‘ಸ್ಥಳೀಯ ಕಲಾವಿದರಿಂದ ತತ್ವಪದ ಗಾಯನ’. ಏಕತಾರಿ ಹಿಡಿಯುವ ಹಿರಿಯರ ಹೆಸರಿಲ್ಲ, ದಮ್ಮಡಿ ಬಾರಿಸುವವರದಂತೂ ಇಲ್ಲವೇ ಇಲ್ಲ. ಸಿಟ್ಟು ಬಂತು.

ನಾನಿರುವುದು ಜರ್ಮನಿಯ ಲೈಪ್ಜಿಗ್‌ನಲ್ಲಿ. ಇಲ್ಲಿನ ಸಂತ ಥಾಮಸ್ ಚರ್ಚಿನಲ್ಲಿ ಶುಕ್ರವಾರ ಸಂಜೆ 6ಕ್ಕೆ, ಶನಿವಾರ ಮಧ್ಯಾಹ್ನ 3ಕ್ಕೆ ಸಂಗೀತ. 1723ರಿಂದ 1750ರಲ್ಲಿ ತೀರಿಕೊಳ್ಳುವವರೆಗೆ ಹೆಸರಾಂತ ಸಂಗೀತ ರಚನಕಾರ ಬಾಖ್ ಸಂಗೀತದ ಹೊಣೆ ಹೊತ್ತಿದ್ದ ಚರ್ಚು ಇದು. ಅವನ ಸಮಾಧಿಯೂ ಒಳಗೇ ಇದೆ. ಹೆಚ್ಚಾಗಿ ಹಾಡುವುದು 1212ರಷ್ಟು ಹಳೆಯದಾದ ಇಲ್ಲಿಯದೇ ಬಾಲಕರ ಮೇಳ. ಅವರಿಗೆ ರಜೆಯಿದ್ದಾಗ ಬೇರೆ ಊರಿನ ಮೇಳಗಳು ಬರುತ್ತವೆ. ಬಾಗಿಲಲ್ಲಿ ಕೊಳ್ಳುವ ಕಾರ್ಯಕ್ರಮದ ಹಾಳೆಯೇ ಟಿಕೆಟ್. ಕೃತಿ ಯಾವುದು, ರಚಿಸಿದವರು ಯಾರು, ಅವರ ಜನನ ಮರಣದ ಇಸವಿ, ಆರ್ಗನ್ ನುಡಿಸುವವರು ಯಾರು, ಎಲ್ಲವೂ ಅದರಲ್ಲಿ. ನಾನು ಕಂಡ ಹಾಳೆಗಳಲ್ಲಿ ಅತಿಥಿಗಳಿಗೆ ದಪ್ಪಕ್ಷರ, ಊರವರಿಗೆ ಸಣ್ಣಕ್ಷರ ಎಂಬ ಭೇದವಿಲ್ಲ. ನಡುವೆ ಪಾದ್ರಿಯ ಚಿಕ್ಕ ಪ್ರವಚನ, ಅಷ್ಟೇ. ಶಾಲು, ಹಾರಗಳ ಗೊಡವೆಯಿಲ್ಲ.

ನಮ್ಮಲ್ಲಿ? ಹೋದ ಸಲ ಊರಿಗೆ ಬಂದಾಗ ಅದೇ ಹಿರಿಯರು ಎರಡನೆಯ ಪದಕ್ಕೆ ಶ್ರುತಿ ಹಿಡಿಯುವಷ್ಟರಲ್ಲಿ, ಗಣ್ಯರು ಬಂದರೆಂದು ನಿರೂಪಕರು ಮೈಕ್ ಇಸಿದುಕೊಂಡರು. ಅವರು ಏಕತಾರಿಯನ್ನು ಟವಲಿನಲ್ಲಿ ಸುತ್ತಿಕೊಂಡು ಮರುಮಾತಿಲ್ಲದೆ ಕೆಳಗಿಳಿದರು. ಇದು ಕಡಕೋಳ ಮಡಿವಾಳಪ್ಪನ ಪದ, ಇದು ಚೆನ್ನೂರ ಜಲಾಲಸಾಹೇಬರ ಪದ ಎಂದು ತಪ್ಪದೆ ಹೇಳಿ ಹಾಡುವ ಜನ ಇವರು. ಕೊನೆಯ ನುಡಿಯ ಅಂಕಿತ ನುಂಗಿದರೆ ಪದವನ್ನೇ ಕೆಡಿಸಿದಂತೆ ಎಂದು ನಂಬಿದವರು. ಅಂಥವರ ಹೆಸರನ್ನೇ ನಾವು ನುಂಗುತ್ತಿದ್ದೇವೆ.

ಲೈಪ್ಜಿಗ್‌ನ ಮೇಳವನ್ನು ಸಾಕುವುದು ನಗರಾಡಳಿತ, ಹುಡುಗರಿಗೆ ವಸತಿ ನಿಲಯವಿದೆ ಎಂಬುದನ್ನೂ ಹೇಳಬೇಕು; ತೊಗರಿ ಹೊಲದಿಂದ ನೇರ ವೇದಿಕೆಗೆ ಬರುವವರೊಂದಿಗೆ ಹೋಲಿಕೆ ಪೂರ್ತಿ ಸರಿಹೋಗದು. ಇಲ್ಲಿ ಸಂಗೀತ ಮುಗಿಯುತ್ತಲೇ ಎಲ್ಲರೂ ಕೋಟು ತೊಟ್ಟು ಹೊರಡುತ್ತಾರೆ. ನಮ್ಮೂರ ಮಠದ ಅಮಾವಾಸ್ಯೆ ಭಜನೆಯಲ್ಲಾದರೆ ಪಲ್ಲವಿ ಬಂದಾಗ ಹೊರಗೆ ಕಟ್ಟೆಯ ಮೇಲೆ ಕೂತವರೂ ದನಿಗೂಡಿಸುತ್ತಾರೆ, ಬೆಳಗಿನ ಜಾವದವರೆಗೆ ಏಳುವ ಮಾತಿಲ್ಲ. ಆ ಸುಖ ನನಗೆ ಇಲ್ಲಿ ಸಿಕ್ಕಿಲ್ಲ. ಆದರೆ ಹೆಸರಿನ ಮಟ್ಟಿಗೆ ನನ್ನ ಮಾತು ಬದಲಾಗದು. ಗಣ್ಯರ ಪಟ್ಟಿಯಿಂದ ಎರಡು ಸಾಲು ತೆಗೆದರೆ ಮೇಳದ ಎಲ್ಲರ ಹೆಸರೂ ಹಿಡಿಸುತ್ತವೆ. ಮುಂದಿನ ವರ್ಷ ಸಂಘಟಕರು ಅಷ್ಟನ್ನಾದರೂ ಮಾಡಲಿ.