ಕಥೆ ಓದದೆ ಕಥೆಗಾರನ ಸಲಹೆ ಕೇಳುವವರಿಗೆ

ಮೊನ್ನೆಯಿಂದ ನೋಡುತ್ತಿದ್ದೇನೆ, ಹಿರಿಯ ಕಥೆಗಾರರೊಬ್ಬರ ಸಂವಾದಕ್ಕೆ ಹೋಗಿಬಂದವರೆಲ್ಲ ಅವರು ಕೊಟ್ಟ ಸಲಹೆಗಳ ಒಂದೇ ಪಟ್ಟಿಯನ್ನು ಹಂಚಿಕೊಳ್ಳುತ್ತಿದ್ದಾರೆ. ಪ್ರತಿದಿನ ಬರೆಯಿರಿ. ವಿಶೇಷಣಗಳನ್ನು ಕಡಿಮೆ ಮಾಡಿ. ಮೊದಲ ಕರಡನ್ನು ನಂಬಬೇಡಿ. ಸಂಭಾಷಣೆಯನ್ನು ಗಟ್ಟಿಯಾಗಿ ಓದಿ ನೋಡಿ. ಹಿನ್ನೆಲೆಗೆ ಒಂದು ತಿಳಿಬಣ್ಣ, ಮೂಲೆಯಲ್ಲಿ ಅವರ ಭಾವಚಿತ್ರ, ಕೆಳಗೆ ಕೈಮುಗಿದ ಚಿಹ್ನೆಗಳ ಸಾಲು. ಒಬ್ಬರಾದರೂ ಅವರ ಒಂದು ಕಥೆಯ ಹೆಸರು ಬರೆದಿದ್ದಾರೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಇಡೀ ಆಯುಸ್ಸನ್ನು ಕಥೆಗಳಿಗೆ ಕೊಟ್ಟ ಮನುಷ್ಯ ನಾಲ್ಕು ಸೂತ್ರಗಳಾಗಿ ಉಳಿದುಬಿಡುವುದನ್ನು ನೋಡಿ ನನಗೆ ಸಿಟ್ಟು ಬಂದಿದೆ. ಅದು ಆರುವ ಮೊದಲೇ ಬರೆಯುತ್ತಿದ್ದೇನೆ.

ಆ ಸಭೆಯಲ್ಲಿ ನಾನೂ ಇದ್ದೆ. ಮಾತು ಮುಗಿದು ಪ್ರಶ್ನೆಗಳ ಹೊತ್ತು ಬಂದಾಗ ಮೈಕು ಕೈಯಿಂದ ಕೈಗೆ ದಾಟಿತು. ಬೆಳಿಗ್ಗೆ ಬರೆಯುತ್ತೀರೋ ರಾತ್ರಿಯೋ? ಕೈಯಲ್ಲಿ ಬರೆಯುತ್ತೀರೋ ಕಂಪ್ಯೂಟರಿನಲ್ಲೋ? ದಿನಕ್ಕೆ ಎಷ್ಟು ಪುಟ? ಪ್ರಕಾಶಕರನ್ನು ಹಿಡಿಯುವುದು ಹೇಗೆ? ಹೊಸಬರಿಗೆ ಏನು ಕಿವಿಮಾತು ಹೇಳುತ್ತೀರಿ? ಅವರು ಎಲ್ಲದಕ್ಕೂ ತಾಳ್ಮೆಯಿಂದ ಉತ್ತರಿಸಿದರು. ಉತ್ತರಿಸುತ್ತಲೇ ದಣಿಯುತ್ತಿದ್ದರು, ಮುಂದಿನ ಸಾಲಿನಲ್ಲಿದ್ದ ನನಗೆ ಅದು ಕಾಣುತ್ತಿತ್ತು. ಕೇಳಿದವರು ಉತ್ತರವನ್ನು ಮೊಬೈಲಿನಲ್ಲಿ ಟಿಪ್ಪಣಿ ಮಾಡಿಕೊಂಡು ಕುಳಿತರು. ಗಾರೆ ಕೆಲಸದವನ ಬಳಿ ಹೋಗಿ ಕರಣೆಯನ್ನು ಹೇಗೆ ಹಿಡಿಯುತ್ತೀಯಪ್ಪಾ ಎಂದು ಕೇಳಿ, ಅವನು ಕಟ್ಟಿದ ಮನೆಯ ಕಡೆಗೆ ಕಣ್ಣೆತ್ತಿಯೂ ನೋಡದೆ ಹೊರಟುಹೋದ ಹಾಗಿತ್ತು.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. ಮೈಕು ಹಿಡಿದು ಅಭ್ಯಾಸವಿರಲಿಲ್ಲ, ಮೊದಲ ಮಾತು ಯಾರಿಗೂ ಕೇಳಿಸಲಿಲ್ಲ. ಆಮೇಲೆ ಹೇಳಿದರು: "ಸರ್, ನಿಮ್ಮ ಒಂದು ಕಥೆಯಲ್ಲಿ ತಾಯಿ ತೀರಿಹೋದ ಮೇಲೆ ಮಗ ಅವಳ ವಸ್ತುಗಳನ್ನು ಎತ್ತಿಡುತ್ತಾನೆ. ಕನ್ನಡಕದ ಡಬ್ಬಿ ಖಾಲಿ ಇರುತ್ತದೆ. ಕನ್ನಡಕ ಎಲ್ಲಿ ಹೋಯಿತು ಎಂದು ನೀವು ಹೇಳುವುದಿಲ್ಲ. ನಾಲ್ಕಾರು ಪುಟ ಕಳೆದ ಮೇಲೆ ಅಪ್ಪ ಪತ್ರಿಕೆ ಓದುತ್ತಾ ಕುಳಿತಿರುತ್ತಾರೆ. ಅಲ್ಲಿ ಒಂದೇ ಸಾಲು ಬರೆದಿದ್ದೀರಿ, ಕನ್ನಡಕ ಅವರ ಮುಖಕ್ಕೆ ಸ್ವಲ್ಪ ಚಿಕ್ಕದಾಗಿತ್ತು ಎಂದು. ನಾನು ಪುಸ್ತಕ ಮಡಿಚಿಟ್ಟು ನಮ್ಮ ತಂದೆಗೆ ಫೋನ್ ಮಾಡಿದೆ. ಇಷ್ಟು ಹೇಳಬೇಕು ಅನ್ನಿಸಿತು, ಪ್ರಶ್ನೆ ಏನಿಲ್ಲ."

ಅವರು ಕುಳಿತುಕೊಳ್ಳಲು ಹೋದರು. ಕಥೆಗಾರರು ತಡೆದರು. "ನಿಲ್ಲಿ ಅಮ್ಮ, ಕುಳಿತುಕೊಳ್ಳಬೇಡಿ. ಆ ಸಾಲಿನ ಕೆಳಗೆ ಇನ್ನೊಂದು ಪ್ಯಾರಾ ಇತ್ತು. ಅಪ್ಪ ಅಳುವುದನ್ನು ಬರೆದಿದ್ದೆ. ಕೆಟ್ಟದಾಗಿರಲಿಲ್ಲ, ಬರೆದಾಗ ನನ್ನ ಕಣ್ಣೂ ತುಂಬಿತ್ತು. ಆದರೆ ಓದುಗರು ಅಪ್ಪ ಅಳುವುದನ್ನು ನೋಡಿದರೆ ಕನ್ನಡಕವನ್ನು ಮರೆತುಬಿಡುತ್ತಾರೆ ಅನ್ನಿಸಿತು. ತೆಗೆದುಹಾಕಿದೆ. ತೆಗೆದದ್ದು ಸರಿಯೋ ತಪ್ಪೋ ಎಂದು ಇವತ್ತಿನವರೆಗೂ ಗೊತ್ತಿರಲಿಲ್ಲ."

ಇಡೀ ಸಂಜೆಯಲ್ಲಿ ಬರವಣಿಗೆಯ ಬಗ್ಗೆ ಅವರು ಆಡಿದ ಅತ್ಯಂತ ದೊಡ್ಡ ಮಾತು ಅದು. ಅದು ಯಾವ ಪಟ್ಟಿಯಲ್ಲೂ ಇಲ್ಲ. ಯಾರೂ ಅದನ್ನು ಬರೆದುಕೊಳ್ಳಲಿಲ್ಲ, ಏಕೆಂದರೆ ಅದು ಸಲಹೆಯ ವೇಷದಲ್ಲಿ ಬರಲಿಲ್ಲ. ಕಿವಿಮಾತು ಹೇಳಿ ಎಂದು ಅಷ್ಟು ಜನ ಕೇಳಿದಾಗ ಬಾರದ ಮಾತು, ಏನನ್ನೂ ಕೇಳದೆ ಕಥೆಯನ್ನು ಓದಿ ಬಂದ ಒಬ್ಬರ ಮುಂದೆ ತಾನಾಗಿ ಹೊರಬಂತು. ನನ್ನ ತಕರಾರು ಇಷ್ಟೇ. ಮುಂದೆ ಎಷ್ಟೇ ಉದ್ದ ಬರೆದರೂ ಇಲ್ಲಿಗೇ ಬರುತ್ತೇನೆ.

'ಕಡಿಮೆ ಬರೆಯಿರಿ' ಎಂಬ ಸೂತ್ರವನ್ನೇ ತೆಗೆದುಕೊಳ್ಳಿ. ಅದನ್ನು ಗೋಡೆಗೆ ಅಂಟಿಸಿಕೊಂಡರೆ ಏನು ತಿಳಿಯುತ್ತದೆ? ಯಾವುದನ್ನು ಕಡಿಮೆ ಮಾಡಬೇಕು, ಎಲ್ಲಿ ನಿಲ್ಲಿಸಬೇಕು, ಬಿಟ್ಟದ್ದರ ಭಾರವನ್ನು ಉಳಿದ ಯಾವ ಸಾಲು ಹೊರಬೇಕು, ಇದೊಂದೂ ಅದರಲ್ಲಿಲ್ಲ. ಚಿಕ್ಕದಾದ ಆ ಕನ್ನಡಕದಲ್ಲಿ ಇದೆಲ್ಲವೂ ಇದೆ. ಖಾಲಿ ಡಬ್ಬಿಯನ್ನು ಮೊದಲೇ ತೋರಿಸದಿದ್ದರೆ ಆ ಸಾಲಿಗೆ ಅರ್ಥವೇ ಇರುತ್ತಿರಲಿಲ್ಲ. ಡಬ್ಬಿಗೂ ಕನ್ನಡಕಕ್ಕೂ ನಡುವೆ ನಾಲ್ಕಾರು ಪುಟಗಳ ದೂರವಿಲ್ಲದಿದ್ದರೆ ನಾವು ಡಬ್ಬಿಯನ್ನು ಮರೆಯುತ್ತಿರಲಿಲ್ಲ. ಮರೆಯದಿದ್ದರೆ ನೆನಪಾದಾಗ ಎದೆಗೆ ಬಡಿಯುತ್ತಿರಲಿಲ್ಲ. ಇದನ್ನು ಕಲಿಯಬೇಕಾದರೆ ಕಥೆಯನ್ನು ಓದಬೇಕು, ಮತ್ತೆ ಹಿಂದಕ್ಕೆ ಹೋಗಿ ಓದಬೇಕು. ಅದಕ್ಕೆ ಅಡ್ಡದಾರಿ ಇಲ್ಲ.

ಜಗತ್ತಿನಾದ್ಯಂತ ಎಲ್ಲರೂ ಉಲ್ಲೇಖಿಸುವ, ರಷ್ಯಾದ ಕಥೆಗಾರ ಚೆಕಾಫನ ಆರು ನಿಯಮಗಳ ಕಥೆಯನ್ನೂ ಹೇಳುತ್ತೇನೆ. ರಾಜಕೀಯ, ಸಾಮಾಜಿಕ, ಆರ್ಥಿಕ ಭಾಷಣ ಬೇಡ, ವಸ್ತುನಿಷ್ಠವಾಗಿರು, ಜನರನ್ನೂ ವಸ್ತುಗಳನ್ನೂ ನಿಜವಾಗಿ ವರ್ಣಿಸು, ಅತ್ಯಂತ ಸಂಕ್ಷಿಪ್ತವಾಗಿರು, ಧೈರ್ಯ ಮತ್ತು ಹೊಸತನ ಇರಲಿ (ಅಂದರೆ ಸವೆದ ಮಾತಿನಿಂದ ಓಡು), ಅಂತಃಕರಣವಿರಲಿ. ಇದು 1886ರ ಮೇ 10ರಂದು ಅವನು ಅಣ್ಣ ಅಲೆಕ್ಸಾಂಡರನಿಗೆ ಬರೆದ ಪತ್ರದಲ್ಲಿದೆ. ಪಟ್ಟಿಯನ್ನು ಹಂಚುವವರು ಬಿಟ್ಟುಬಿಡುವ ಸಂಗತಿ ಏನೆಂದರೆ, ಅವನು ಅದನ್ನು ಜಗತ್ತಿನ ಬರಹಗಾರರಿಗೆಲ್ಲ ಬರೆಯಲಿಲ್ಲ. ಅಣ್ಣನ ಒಂದು ನಿರ್ದಿಷ್ಟ ಕಥೆಯ ಹೆಸರು ಹೇಳಿ, ಅದು ಕಲಾಕೃತಿಯಾಗಬೇಕಾದರೆ ಇವು ಷರತ್ತುಗಳು ಎಂದು ಬರೆದ. ಒಬ್ಬ ಮನುಷ್ಯನಿಗೆ, ಒಂದು ಕಥೆಗೆ.

ಅದೇ ಪತ್ರದಲ್ಲಿ ಬೆಳದಿಂಗಳ ರಾತ್ರಿಯ ಉದಾಹರಣೆಯೂ ಇದೆ. ಗಿರಣಿಯ ಅಣೆಕಟ್ಟಿನ ಮೇಲೆ ಒಡೆದ ಬಾಟಲಿಯ ಚೂರು ನಕ್ಷತ್ರದಂತೆ ಹೊಳೆಯಿತು, ನಾಯಿಯದೋ ತೋಳದ್ದೋ ಕಪ್ಪು ನೆರಳು ಉರುಳಿಹೋಯಿತು ಎಂದು ಬರೆದರೆ ಬೆಳದಿಂಗಳು ತಾನಾಗಿ ಬರುತ್ತದೆ ಎನ್ನುತ್ತಾನೆ. ಬರವಣಿಗೆಯ ಕಮ್ಮಟಗಳಲ್ಲಿ ಈ ಬಾಟಲಿಯ ಚೂರನ್ನು ಇಂದಿಗೂ ತೋರಿಸುತ್ತಾರೆ. ಆದರೆ ಹತ್ತು ವರ್ಷಗಳ ನಂತರ, 1896ರಲ್ಲಿ ಮೊದಲು ರಂಗಕ್ಕೆ ಬಂದ 'ಸೀಗಲ್' ನಾಟಕದಲ್ಲಿ ಚೆಕಾಫ್ ಅದೇ ಬಾಟಲಿಯನ್ನು ಏನು ಮಾಡಿದ ಎಂಬುದನ್ನು ಎಷ್ಟು ಜನ ಹೇಳುತ್ತಾರೆ? ಅಲ್ಲಿ ತ್ರೆಪ್ಲೆವ್ ಎಂಬ ಯುವ ಬರಹಗಾರ, ಹೆಸರಾಂತ ತ್ರಿಗೋರಿನ್‌ನ ಬಗ್ಗೆ ಕೊರಗುತ್ತಾನೆ: ಅವನಿಗೇನು, ವಿಧಾನ ಸಿದ್ಧವಾಗಿದೆ, ಅಣೆಕಟ್ಟಿನ ಮೇಲೆ ಒಡೆದ ಬಾಟಲಿಯ ಕುತ್ತಿಗೆ ಹೊಳೆಯುತ್ತದೆ, ಗಿರಣಿಯ ಚಕ್ರದ ನೆರಳು ಬೀಳುತ್ತದೆ, ಬೆಳದಿಂಗಳ ರಾತ್ರಿ ತಯಾರು. ಅಣ್ಣನಿಗೆ ಕೊಟ್ಟ ಸಲಹೆ ಹತ್ತು ವರ್ಷಗಳಲ್ಲಿ ಸಿದ್ಧ ಅಚ್ಚಾಗಿಬಿಟ್ಟಿರುವುದನ್ನು ಸಲಹೆ ಕೊಟ್ಟವನೇ ಕಂಡು, ಪಾತ್ರದ ಬಾಯಲ್ಲಿ ಇಟ್ಟ. ಬರೀ ಪಟ್ಟಿ ಓದಿದವರಿಗೆ ಬಾಟಲಿಯ ಚೂರು ಸಿಗುತ್ತದೆ, ನಾಟಕ ಓದಿದವರಿಗೆ ಆ ಚೂರಿನ ಮುಂದಿನ ಗತಿಯೂ ತಿಳಿಯುತ್ತದೆ.

ಈಗ ಕೆಲವು ಗೆಳೆಯರು ಹೇಳುವ ಮಾತಿಗೆ ಬರುತ್ತೇನೆ. ಹೊಸದಾಗಿ ಬರೆಯುವವರಿಗೆ ದಾರಿ ತೋರಿಸುವವರು ಬೇಡವೇ? ಎಲ್ಲರಿಗೂ ಗುರು ಸಿಗುತ್ತಾರೆಯೇ? ಒಂದು ಪಟ್ಟಿಯಿಂದ ಒಬ್ಬರಿಗೆ ಧೈರ್ಯ ಬಂದರೆ ನಿಮಗೇನು ನಷ್ಟ? ಸರಿ, ಧೈರ್ಯ ಬರುವುದನ್ನು ನಾನು ತಡೆಯುವುದಿಲ್ಲ. ಆದರೆ ಗುರುವಿನ ಮಾತು ಬಂದಾಗ ಎಲ್ಲರೂ ಎತ್ತುವ ಹೆಸರುಗಳನ್ನೇ ನೋಡಿ. ಫ್ರೆಂಚ್ ಕಥೆಗಾರ ಮೊಪಾಸಾನನ್ನು ತಿದ್ದಿದವನು ಕಾದಂಬರಿಕಾರ ಫ್ಲೊಬೇರ್. ಏಳು ವರ್ಷ ಕವಿತೆ ಬರೆದೆ, ಕಥೆ ಬರೆದೆ, ಒಂದು ಕೆಟ್ಟ ನಾಟಕವನ್ನೂ ಬರೆದೆ, ಯಾವುದೂ ಉಳಿಯಲಿಲ್ಲ ಎಂದು ಮೊಪಾಸಾ 1888ರಲ್ಲಿ ತನ್ನ ಕಾದಂಬರಿಯೊಂದರ ಮುನ್ನುಡಿಯಲ್ಲಿ ಹೇಳುತ್ತಾನೆ. ಗುರು ಪ್ರತಿ ಪುಟವನ್ನೂ ಓದುತ್ತಿದ್ದ, ಬಾಗಿಲಲ್ಲಿ ಕುಳಿತ ಅಂಗಡಿಯವನನ್ನು ಬೇರೆ ಯಾವ ಅಂಗಡಿಯವನ ಜೊತೆಗೂ ಅದಲುಬದಲಾಗದಂತೆ ಬರೆದು ತಾ ಎನ್ನುತ್ತಿದ್ದ. ಅದು ವರ್ಷಗಟ್ಟಲೆ ಹಾಳೆಯ ಮೇಲೆ ನಡೆದ ಕೆಲಸ. ಒಂದು ಸಂಜೆಯ ಟಿಪ್ಪಣಿಯನ್ನು ಅದರ ಪಕ್ಕದಲ್ಲಿಟ್ಟು ಎರಡೂ ಒಂದೇ ಎಂದರೆ ನಾನು ಒಪ್ಪುವುದಿಲ್ಲ.

ಜರ್ಮನ್ ಭಾಷೆಯ ಕವಿ ರಿಲ್ಕೆಯ ಹೆಸರೂ ಬರುತ್ತದೆ. ಅವನು ಯುವಕನೊಬ್ಬನಿಗೆ ಹತ್ತು ಪತ್ರ ಬರೆಯಲಿಲ್ಲವೇ? ಬರೆದ, 1903ರಿಂದ 1908ರವರೆಗೆ. ಆದರೆ ಆ ಯುವಕ ಕಾಪ್ಪುಸ್ ಮೊದಲು ಮಾಡಿದ್ದೇನು? ಸೈನಿಕ ಅಕಾಡೆಮಿಯ ತೋಟದಲ್ಲಿ ಮರದ ಕೆಳಗೆ ಕುಳಿತು ರಿಲ್ಕೆಯ ಕವಿತೆಗಳಲ್ಲಿ ಮುಳುಗಿದ್ದ, ಪಕ್ಕಕ್ಕೆ ಯಾರು ಬಂದರೆಂಬುದೂ ತಿಳಿಯದಷ್ಟು. ಆಮೇಲೆ ತನ್ನ ಪದ್ಯಗಳನ್ನು ಕಳುಹಿಸಿದ. ಮೊದಲ ಉತ್ತರದಲ್ಲೇ ರಿಲ್ಕೆ, ಹೊರಗಿನಿಂದ ಯಾರೂ ನಿನಗೆ ಸಲಹೆ ಕೊಡಲಾರರು, ನಿನ್ನೊಳಗೆ ಹೋಗು ಎಂದ. ಹಾಗೆಂದ ಮೇಲೂ ಐದು ವರ್ಷ ಬರೆಯುತ್ತಲೇ ಹೋದ. ಆ ಪತ್ರಗಳಲ್ಲಿ ಇರುವುದು ಒಂಟಿತನ, ಪ್ರೀತಿ, ಭಯ, ಕಾಯುವಿಕೆ. ಕವಿತೆ ಕಟ್ಟುವ ವಿಧಾನ ಹುಡುಕಿದರೂ ಹೆಚ್ಚು ಸಿಗುವುದಿಲ್ಲ. ನಿಜವಾಗಿ ಓದಿದವನೊಬ್ಬ ಎದುರಿಗಿದ್ದಾಗ ಲೇಖಕ ತನ್ನ ಬದುಕನ್ನೇ ಬಿಚ್ಚಿಡುತ್ತಾನೆ.

ಓದುಗನ ಮೆಚ್ಚುಗೆ ಲೇಖಕನಿಗೆ ಏನು ಮಾಡುತ್ತದೆ ಎಂದು ತಿಳಿಯಲು ಮತ್ತೆ ಚೆಕಾಫನ ಬಳಿಗೇ ಹೋಗಬೇಕು. ಅದೇ 1886ರ ಮಾರ್ಚ್. ಅವನಿಗೆ 26 ವರ್ಷ, ವೈದ್ಯ, ಹಾಸ್ಯಪತ್ರಿಕೆಗಳಿಗೆ ಸುಳ್ಳು ಹೆಸರಿನಲ್ಲಿ ಗೀಚುತ್ತಿದ್ದವನು. ಅರವತ್ತು ದಾಟಿದ ಗ್ರಿಗೊರೊವಿಚ್ ಎಂಬ ಗೌರವಾನ್ವಿತ ಲೇಖಕ ಪತ್ರಿಕೆಯೊಂದರಲ್ಲಿ ಅವನ 'ಬೇಟೆಗಾರ' ಕಥೆಯನ್ನು ಓದಿ, ತಾನಾಗಿಯೇ ಪತ್ರ ಬರೆದ. ನಿನ್ನಲ್ಲಿ ನಿಜವಾದ ಪ್ರತಿಭೆ ಇದೆ, ಅವಸರದ ಬರವಣಿಗೆ ಬಿಡು, ನಮ್ಮ ಕಾಲದಲ್ಲಿ ನಾವು ಇದ್ದಂತೆ ಬೇಕಾದರೆ ಹಸಿದುಕೊಂಡಿರು ಎಂದ. ಚೆಕಾಫ್ ಕೊಟ್ಟ ಉತ್ತರ ಓದಿದರೆ ಇಂದಿಗೂ ಗಂಟಲು ಕಟ್ಟುತ್ತದೆ. ನಿಮ್ಮ ಪತ್ರ ಸಿಡಿಲಿನಂತೆ ಬಡಿಯಿತು, ಅಳುವುದೊಂದು ಬಾಕಿ ಎನ್ನುತ್ತಾನೆ. ಒಂದು ದಿನಕ್ಕಿಂತ ಹೆಚ್ಚು ಕಾಲ ಯಾವ ಕಥೆಯ ಮೇಲೂ ಕೆಲಸ ಮಾಡಿದ್ದು ನೆನಪಿಲ್ಲ, ನೀವು ಮೆಚ್ಚಿದ 'ಬೇಟೆಗಾರ'ನನ್ನು ಸ್ನಾನದ ಮನೆಯಲ್ಲಿ ಬರೆದೆ ಎಂದು ಹೇಳಿಕೊಳ್ಳುತ್ತಾನೆ. ಗ್ರಿಗೊರೊವಿಚ್ ಬರೀ 'ಅದ್ಭುತ' ಎಂದು ಬರೆದಿದ್ದರೆ ಈ ಉತ್ತರ ಬರುತ್ತಿತ್ತೇ? ಅವನು ಕಥೆಯನ್ನು ಓದಿದ್ದ, ಅದಕ್ಕೇ ಅವನ ಸಲಹೆ ನಾಟಿತು.

ನಾನೂ ಕಥೆ ಬರೆಯುವವನು, ನಿಮಗೆ ಗೊತ್ತೇ ಇದೆ. ಒಂದು ವಿಷಯವನ್ನು ಇದುವರೆಗೆ ಇಲ್ಲಿ ಬರೆದಿರಲಿಲ್ಲ. ನನ್ನ ಮೇಜಿನ ಖಾನೆಯಲ್ಲಿ ಅಪರಿಚಿತ ಓದುಗರೊಬ್ಬರ ಪತ್ರವಿದೆ. ನನ್ನ ಕಥೆಯೊಂದರಲ್ಲಿ ಮನೆ ಬಿಟ್ಟು ಹೋಗುವ ಹುಡುಗಿ ತನ್ನ ಹೊಸ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು, ತಂಗಿಯ ಸವೆದ ಚಪ್ಪಲಿಯನ್ನು ಮೆಟ್ಟಿಕೊಂಡು ಹೋಗುತ್ತಾಳೆ. ಅವರು ಕೇಳಿದ್ದರು: "ಒಳ್ಳೆಯದು ತಂಗಿಗೆ ಇರಲಿ ಎಂದೋ, ಅಥವಾ ತಂಗಿ ಬರಿಗಾಲಿನಲ್ಲಿ ಹಿಂದೆ ಓಡಿಬರದಿರಲಿ ಎಂದೋ?" ಬರೆಯುವಾಗ ನನ್ನ ಮನಸ್ಸಿನಲ್ಲಿ ಮೊದಲನೆಯದಷ್ಟೇ ಇತ್ತು. ಎರಡನೆಯದನ್ನು ಆ ಓದುಗರು ಕಂಡುಕೊಟ್ಟರು, ಕಥೆ ನನಗೇ ದೊಡ್ಡದಾಯಿತು. ಬರೆಯುವುದನ್ನು ನಿಲ್ಲಿಸಿಬಿಡೋಣ ಅನ್ನಿಸಿದಾಗಲೆಲ್ಲ ಆ ಪತ್ರವನ್ನು ತೆಗೆದು ಓದುತ್ತೇನೆ. ಪ್ರಶಸ್ತಿಯ ಫಲಕವನ್ನು ಎಂದೂ ಹಾಗೆ ತೆಗೆದು ನೋಡಿದವನಲ್ಲ. ಹಾಗಾಗಿ ಆ ಹಿರಿಯರು "ಇವತ್ತಿನವರೆಗೂ ಗೊತ್ತಿರಲಿಲ್ಲ" ಎಂದಾಗ ನನಗೆ ಅದರ ತೂಕ ಗೊತ್ತಿತ್ತು.

ಮೆಚ್ಚುಗೆ ಎಂದರೆ ಹೊಗಳಿಕೆಯೇ ಆಗಬೇಕೆಂದಿಲ್ಲ. ಈ ತಿರುವು ನಂಬಲಾಗಲಿಲ್ಲ, ಈ ಪಾತ್ರವನ್ನು ಅರ್ಧಕ್ಕೇ ಕೈಬಿಟ್ಟಿರಿ, ಕೊನೆಯ ಪುಟ ಅವಸರವಾಯಿತು ಎಂದು ಬರೆದವರನ್ನೂ ಲೇಖಕ ಮರೆಯುವುದಿಲ್ಲ. ಓದಿದ್ದಾರೆ ಎಂಬುದಕ್ಕೆ ಅದೂ ಸಾಕ್ಷಿಯೇ. ಆದರೆ "ಸೂಪರ್ ಸರ್, ನಮಗೂ ಒಂದಿಷ್ಟು ಟಿಪ್ಸ್ ಕೊಡಿ" ಎಂಬ ಮಾತಿನಲ್ಲಿ ಲೇಖಕನೂ ಇಲ್ಲ, ಕಥೆಯೂ ಇಲ್ಲ. ಕೇಳುವವರಿಗೆ ಬೇಕಾಗಿರುವುದು ತಾವು ಲೇಖಕರಾಗುವುದು ಮಾತ್ರ. ಆಗಲಿ, ಸಂತೋಷವೇ. ನಾಳೆ ಅವರ ಕಥೆಯನ್ನೂ ಯಾರೂ ಓದದೆ ಬರೀ ಸೂತ್ರ ಕೇಳಿಕೊಂಡು ಹೋದರೆ ಹೇಗಿರುತ್ತದೆ ಎಂದು ಒಮ್ಮೆ ಯೋಚಿಸಲಿ.

ಆ ಹಿರಿಯರಿಗೆ ನಿನ್ನೆ ಪತ್ರ ಬರೆದೆ, ಅವರ ಇನ್ನೊಂದು ಕಥೆಯಲ್ಲಿ ಬೀಗ ಹಾಕಿದ ಕೋಣೆಯನ್ನು ಕೊನೆಯವರೆಗೂ ತೆರೆಯದೇ ಬಿಟ್ಟಿರುವುದರ ಬಗ್ಗೆ. ಬರುವ ವಾರ ಅವರನ್ನು ಭೇಟಿಯಾಗಲಿದ್ದೇನೆ. ಸಭೆಗೆ ಬಂದಿದ್ದವರೂ ಬಾರದವರೂ, ಅವರ ಯಾವ ಕಥೆ, ಯಾವ ಪಾತ್ರ, ಯಾವ ಸಾಲು ನಿಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಕೆಳಗೆ ಬರೆಯಿರಿ. ಜಗಳವಿದ್ದರೆ ಅದನ್ನೂ ಬರೆಯಿರಿ. ಎಲ್ಲವನ್ನೂ ಅಚ್ಚು ಹಾಕಿಸಿ ಅವರ ಕೈಗೇ ಕೊಡುತ್ತೇನೆ. ಇನ್ನೂ ಓದಿಲ್ಲದವರು ಕನ್ನಡಕದ ಕಥೆಯಿಂದ ಶುರುಮಾಡಬಹುದು, ಪುಸ್ತಕ ನನ್ನ ಬಳಿ ಇದೆ, ಕೇಳಿದವರಿಗೆ ಓದಲು ಕೊಡುತ್ತೇನೆ.