ಕಾಲುಸಂಕಕ್ಕೊಂದು ಸೈನಿಕ ಮಹತ್ವ

ನಮ್ಮ ವಾರ್ಡಿನ ಕಾಲುಸಂಕ, ಅಂದರೆ ತೋಡು ದಾಟುವ ಮರದ ಸೇತುವೆ, ಈ ಮಳೆಗೂ ಹೋಯಿತು. ಪೂರ್ತಿ ಹೋಗಲಿಲ್ಲ ಅನ್ನಿ. ಎರಡು ಅಡಿಕೆ ಮರದಲ್ಲಿ ಒಂದು ತೋಡಿನಲ್ಲಿ ತೇಲಿಹೋಗಿ ಕೆಳಗಿನ ಗದ್ದೆಯವರ ಪಾಲಾಯಿತು, ಇನ್ನೊಂದು ಉಂಟು. ಆ ಒಂದರ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಚಪ್ಪಲಿ, ಬೆನ್ನಿಗೆ ಪುಸ್ತಕದ ಚೀಲ ಹಾಕಿಕೊಂಡು ಶಾಲೆಗೆ ಹೋಗುವ ಮಕ್ಕಳನ್ನು ನೋಡಿದವರು ದುಡ್ಡು ಕೊಟ್ಟು ಸರ್ಕಸ್ಸಿಗೆ ಹೋಗುವುದಿಲ್ಲ. ಊರಿನ ಹೆಸರು ಕೇಳಬೇಡಿ. ಉಡುಪಿಯಿಂದ ಮಂಗಳೂರಿಗೆ ಬರುವಾಗ ಹೆದ್ದಾರಿಯ ಎಡಕ್ಕೆ ತಿರುಗಿದರೆ ಇಂಥ ಊರು ಸಾಲಾಗಿ ಸಿಗುತ್ತವೆ.

ಸಂಕಕ್ಕಾಗಿ ಎಷ್ಟು ಗ್ರಾಮಸಭೆಯಲ್ಲಿ ಅರ್ಜಿ ಕೊಟ್ಟಿದ್ದೇವೆ ಎಂಬ ಲೆಕ್ಕ ನಮಗೆ ತಪ್ಪಿದೆ. ಉತ್ತರ ಮಾತ್ರ ಒಮ್ಮೆಯೂ ತಪ್ಪಿಲ್ಲ: ‘ಕ್ರಿಯಾಯೋಜನೆಯಲ್ಲಿ ಸೇರಿಸಿದ್ದೇವೆ, ಅನುದಾನ ಬಂದ ಕೂಡಲೇ...’ ಆ ಮೂರು ಚುಕ್ಕೆಯೇ ನಮ್ಮ ಸಂಕ. ಅದರ ಮೇಲೆ ನಡೆಯಲಿಕ್ಕಾಗುವುದಿಲ್ಲ, ಅಷ್ಟೆ.

ಹೀಗಿರುವಾಗ ಅಮೆರಿಕದಿಂದ ಅಳಿಯನ ಫೋನ್ ಬಂತು. ಅಳಿಯ ಎಂದರೆ ಅಕ್ಕನ ಮಗ. ಆಸ್ತಿ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ಸೀಮೆಯವನಾದ ನನಗೆ ಮಗನಿಗಿಂತ ಅಳಿಯನ ಮಾತಿಗೆ ತೂಕ ಒಂದು ತೊಲ ಹೆಚ್ಚು. ಅವನಿರುವುದು ವರ್ಜೀನಿಯಾದ ನಾರ್ಫೋಕ್‌ನಲ್ಲಿ, ಜಗತ್ತಿನ ಅತಿದೊಡ್ಡ ನೌಕಾನೆಲೆ ಇರುವ ಊರು.

“ಮಾವ, ಇಲ್ಲಿ ಮಳೆ ಇಲ್ಲದಿದ್ದರೂ ಉಬ್ಬರಕ್ಕೆ ರಸ್ತೆಯಲ್ಲಿ ನೀರು ನಿಲ್ತದೆ.”

“ಹಾಗಾದರೆ ನಮ್ಮ ಊರೇ ಆಯ್ತಲ್ಲ. ಎಂತ ಮಾಡ್ತೀರಿ ಮತ್ತೆ? ಅರ್ಜಿ ಕೊಡ್ತೀರಾ?”

“ಅರ್ಜಿ ಕೊಡ್ಲಿಕ್ಕುಂಟು. ಆದರೆ ರಸ್ತೆ ಹಾಳಾಗಿದೆ ಅಂತ ಅಲ್ಲ. ರಸ್ತೆ ಹಾಳಾದ್ದರಿಂದ ಸೈನ್ಯಕ್ಕೆ ತೊಂದರೆ ಆಗ್ತದೆ ಅಂತ.”

ಇದು ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಬೇಕಾಯಿತು. ಅಲ್ಲಿ ಸೈನಿಕ ನೆಲೆಗಳ ಆಸುಪಾಸಿನ ಊರುಗಳಿಗೆಂದೇ ರಕ್ಷಣಾ ಇಲಾಖೆಯ ಒಂದು ಅನುದಾನ ಉಂಟು. 2020ರಲ್ಲಿ ಮೊದಲ ಕಂತಿಗೆ 5 ಕೋಟಿ ಡಾಲರ್ ಇಟ್ಟರು. ಈ ದುಡ್ಡು ಹೆಚ್ಚಾಗಿ ನೆಲೆಯ ಬೇಲಿಯ ಹೊರಗಿನ ಕೆಲಸಕ್ಕೆ: ರಸ್ತೆ, ಶಾಲೆ, ಆಸ್ಪತ್ರೆ, ಅಗ್ನಿಶಾಮಕ ಠಾಣೆ, ನೀರಿನ ಪೈಪು, ಕೊಳಚೆ ಚರಂಡಿ. ಬರೇ ಚರಂಡಿ ಬೇಕು ಎಂದರೆ ಅಮೆರಿಕದಲ್ಲೂ ‘ಖರ್ಚು ಯಾರಪ್ಪಂದು’ ಎಂಬ ಗಲಾಟೆ. ಈ ಚರಂಡಿ ಕಟ್ಟಿಕೊಂಡರೆ ಸೈನಿಕನ ಕುಟುಂಬದ ಮೂಗಿಗೆ ವಾಸನೆ ಬರುತ್ತದೆ, ಅವನ ಮನಸ್ಸು ಕೆಡುತ್ತದೆ, ಗುರಿ ತಪ್ಪುತ್ತದೆ ಎಂದು ಬರೆದರೆ ಅದೇ ಚರಂಡಿಗೆ ಸೆಲ್ಯೂಟು. ನಾನು ಗೇಲಿ ಮಾಡುತ್ತಿಲ್ಲ. ಅರ್ಜಿಗಳನ್ನು ತೂಗುವ ಅಳತೆಗೋಲಿನಲ್ಲಿ ಸೈನಿಕ ಮಹತ್ವ, ನೆಲೆಯ ತಾಳಿಕೆ, ಸೈನಿಕ ಕುಟುಂಬಗಳ ಜೀವನಮಟ್ಟ ಎಂಬ ಮಾತುಗಳೇ ಇವೆ.

ಇದೆಲ್ಲದರ ಮೂಲ ಕೇಳಿದರೆ ನಮ್ಮವರಿಗೆ ಬಹಳ ಇಷ್ಟವಾದೀತು. ಮೇನ್ ರಾಜ್ಯದಲ್ಲಿ ಪ್ರೆಸ್ಕ್ ಐಲ್ ಎಂಬ ಬಟಾಟೆ ಬೆಳೆಯುವ ಊರು. ಅಲ್ಲೊಂದು ವಾಯುನೆಲೆ ಇತ್ತು. 1961ರಲ್ಲಿ ಅದನ್ನು ಮುಚ್ಚಿದರು. ಸೈನ್ಯ ಎದ್ದುಹೋದರೆ ನಮ್ಮ ಅಂಗಡಿ ಬಾಗಿಲಿಗೆ ಯಾರು ಬರುತ್ತಾರೆ ಎಂದು ಊರಿನವರು ಕಂಗಾಲಾದರು. ಅದೇ ವರ್ಷ ರಕ್ಷಣಾ ಇಲಾಖೆ ಅಂಥ ಊರುಗಳನ್ನು ವಿಚಾರಿಸಿಕೊಳ್ಳಲಿಕ್ಕೆಂದೇ ಒಂದು ಕಚೇರಿ ತೆರೆಯಿತು. ಆ ಕಚೇರಿಯೇ ಹೆಸರು ಬದಲಾಯಿಸಿಕೊಂಡು ಈಗ ಈ ಅನುದಾನ ಹಂಚುವುದು. ಅಂದರೆ ಸೈನ್ಯ ಬಂದರೂ ದುಡ್ಡು, ಹೋದರೂ ದುಡ್ಡು. ನಮ್ಮಲ್ಲಿ ಬರುವಾಗ ಜಾಗ ಕೊಡಬೇಕು. ಹೋಗುವ ಕ್ರಮ ಇಲ್ಲ.

ಸಂಜೆ ಭಟ್ರ ಹೋಟೆಲಿನಲ್ಲಿ ಗೋಳಿಬಜೆಯ ಎದುರು ಈ ವಿಷಯ ಇಟ್ಟೆ. ಪಂಚಾಯತ್ ಮೆಂಬರು ಕೈಯಲ್ಲಿದ್ದ ಬಜೆಯನ್ನು ಚಟ್ನಿಯಲ್ಲಿ ಹಾಗೇ ಮುಳುಗಲು ಬಿಟ್ಟರು.

“ಅಂದರೆ ನಮ್ಮ ಸಂಕಕ್ಕೂ ಮಿಲಿಟರಿ ಸಂಬಂಧ ತೋರಿಸಿದರೆ ಆಯ್ತು ಅಲ್ವಾ ಮಾರಾಯ್ರೆ?”

“ಅದು ಅಮೆರಿಕದ್ದು,” ಎಂದೆ.

“ಅಮೆರಿಕದ್ದು ಆದರೆ ಎಂತ? ಐಡಿಯಾಕ್ಕೆ ವೀಸಾ ಬೇಡ.”

ಆದರೆ ನಮ್ಮ ಊರಿಗೂ ಸೈನ್ಯಕ್ಕೂ ಏನು ಸಂಬಂಧ? ಘಟ್ಟದ ಮೇಲಾದರೆ ಊರಿಗೊಂದು ಮಿಲಿಟರಿ ಹೋಟೆಲ್ ಇರುತ್ತದೆ, ಕೋಳಿಸಾರನ್ನಾದರೂ ದಾಖಲೆಗೆ ಲಗತ್ತಿಸಬಹುದಿತ್ತು. ನಮ್ಮಲ್ಲಿ ಭಟ್ರ ಸಸ್ಯಾಹಾರಿ. ಕೊನೆಗೆ ಎಲ್ಲರ ಕಣ್ಣು ನಿವೃತ್ತ ಸುಬೇದಾರರ ಮೇಲೆ ಬಿತ್ತು. ಸಂಕದ ಆಚೆ ಕಡೆ ಮನೆ ಇರುವವರು ಅವರೇ. ತಿಂಗಳಿಗೊಮ್ಮೆ ಸಂಕ ದಾಟಿ, ಬಸ್ಸು ಹಿಡಿದು, ಕ್ಯಾಂಟೀನಿನಿಂದ ಕೋಟಾ ತರುತ್ತಾರೆ. ಅದರಲ್ಲಿ ಅರ್ಧ ಊರಿನ ಶೀತ–ನೆಗಡಿಗೆ ಔಷಧಿ. ಒಂದು ಕೈಯಲ್ಲಿ ರಮ್ಮಿನ ಬಾಟ್ಲಿ ಹಿಡಿದು ಒಂದೇ ಅಡಿಕೆ ಮರದ ಮೇಲೆ ಬರುವಾಗ ಸೇನಾ ಸಾಮಗ್ರಿ ತೋಡಿಗೆ ಬೀಳುವ ಅಪಾಯ ಇದೆಯೋ ಇಲ್ಲವೋ? ಇದೆ. ‘ಪೂರೈಕೆ ಮಾರ್ಗದ ಭದ್ರತೆ’ ಎಂದು ಬರೆದುಕೊಂಡೆವು.

ಆಗ ರಿಕ್ಷಾದ ಅಣ್ಣ ಒಂದು ಮಾತು ಹೇಳಿದರು. “ಸುಬೇದಾರ್ರನ್ನು ಬಿಡಿ. ನಿಜವಾಗಿ ದೇಶಕ್ಕೆ ಜಾಗ ಕೊಟ್ಟವರಿಗೆ ಎಂತ ಸಿಕ್ಕಿದೆ, ಅದನ್ನು ನೋಡಿ ಆಮೇಲೆ ಅರ್ಜಿ ಬರೀರಿ.”

ಹೋಟೆಲ್ ಸ್ವಲ್ಪ ತಣ್ಣಗಾಯಿತು. ದೂರ ಹೋಗಬೇಕೆಂದಿಲ್ಲ, ನಮ್ಮ ಕರಾವಳಿಯ ತಲೆಯ ಹತ್ತಿರವೇ ಕಾರವಾರ. ಅಲ್ಲಿಯ ಸೀಬರ್ಡ್ ನೌಕಾನೆಲೆ ಯೋಜನೆಗೆ 1986ರಲ್ಲಿ ಅಡಿಗಲ್ಲು, ಆ ನೆಲೆ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ಸೇವೆಗೆ ಸೇರಿದ್ದು 2005ರಲ್ಲಿ. ನಡುವೆ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಗಂಟುಮೂಟೆ ಕಟ್ಟಿದವು. ನೌಕಾನೆಲೆಗೆ ಯುದ್ಧನೌಕೆ ಬಂದು, ಹಳತಾಗಿ, ನಿವೃತ್ತಿಯೂ ಆಯಿತು. ಪರಿಹಾರದ ಕಡತ ಮಾತ್ರ ದಶಕಗಳ ಕಾಲ ಕೋರ್ಟಿನಿಂದ ಕೋರ್ಟಿಗೆ ಸಕ್ರಿಯ ಸೇವೆಯಲ್ಲಿತ್ತು. ಅಪ್ಪ ಹಾಕಿದ ಅರ್ಜಿಯ ತಾರೀಕಿಗೆ ಮಗ ಹೋಗಿ ನಿಂತದ್ದುಂಟು. ಮಗನಿಗೆ ಕೊಡುವ ಆಸ್ತಿ ಎಂದು ಅವರಲ್ಲಿ ಉಳಿದದ್ದು ಅದೊಂದೇ ಇರಬೇಕು.

ಇತ್ತ ಕಾಪು ತಾಲೂಕಿನ ಪಾದೂರು. ಯುದ್ಧವೋ ಇನ್ನೇನೋ ಆಗಿ ಹೊರಗಿಂದ ಎಣ್ಣೆ ಬರುವುದು ನಿಂತರೆ ದೇಶಕ್ಕೆ ಇರಲಿ ಎಂದು ಬಂಡೆ ಕೊರೆದು ಗುಹೆ ಮಾಡಿ ಕಚ್ಚಾತೈಲ ಇಡುವ ಜಾಗ. ಮಂಗಳೂರಿನ ಗುಹೆಯಲ್ಲಿ 15 ಲಕ್ಷ ಟನ್, ಪಾದೂರಿನದರಲ್ಲಿ 25 ಲಕ್ಷ ಟನ್ ಹಿಡಿಸುತ್ತದೆ. ದೇಶದಲ್ಲಿ ಇಂಥವು ಇರುವುದು ಒಟ್ಟು ಮೂರು, ಮೂರನೆಯದು ವಿಶಾಖಪಟ್ಟಣ. ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಗುಹೆಗೆ 2021ರಲ್ಲಿ ಕೇಂದ್ರದ ಒಪ್ಪಿಗೆಯೂ ಆಗಿದೆ. ನನ್ನ ಭಾವನ ಮನೆ ಅದೇ ಕಡೆ. ಕಳೆದ ಸಲ ಹೋದಾಗ ಅವನ ಸ್ಕೂಟರ್ ಅಂಗಳದಲ್ಲಿ ಅಡ್ಡ ಮಲಗಿತ್ತು. ‘ಎಂತ ಭಾವ, ಕೆಟ್ಟಿತಾ?’ ಎಂದರೆ, ‘ಕೆಟ್ಟದ್ದಲ್ಲ ಮಾರಾಯ, ಪೆಟ್ರೋಲ್ ಮುಗಿದದ್ದು’ ಎಂದ. ಕಾಲಡಿಯಲ್ಲಿ ದೇಶವನ್ನೇ ಓಡಿಸುವಷ್ಟು ಎಣ್ಣೆ, ಬಂಕಿಗೆ ಹೋಗಲು ಕೈಯಲ್ಲಿ ಬಿಸ್ಲೇರಿ ಬಾಟ್ಲಿ. ಇಂಥ ಊರಿಗೆ ಅಮೆರಿಕದಲ್ಲಾದರೆ ಏನೆಲ್ಲ ಕೊಡುತ್ತಿದ್ದರೋ. ನಮ್ಮಲ್ಲಿ ‘ನಿಮ್ಮದು ರಾಷ್ಟ್ರೀಯ ಮಹತ್ವದ ಊರು’ ಎಂದು ಭಾಷಣದಲ್ಲಿ ಕೊಡುತ್ತಾರೆ.

ಮೀನುಗಾರರ ಕಥೆಯೂ ಇದೇ. 2008ರಲ್ಲಿ ಮುಂಬೈಗೆ ಸಮುದ್ರದಿಂದ ಭಯೋತ್ಪಾದಕರು ಬಂದಮೇಲೆ ಮಲ್ಪೆಯಿಂದ ಉಳ್ಳಾಲದವರೆಗಿನ ಮೊಗವೀರರಿಗೆಲ್ಲ ದಿಢೀರ್ ಬಡ್ತಿ: ನೀವು ಕರಾವಳಿ ಕಾವಲಿನ ‘ಕಣ್ಣು ಮತ್ತು ಕಿವಿ’. ಗುರುತಿನ ಚೀಟಿ ಬಂತು, ದೋಣಿಗೆ ಇಂಥದೇ ಬಣ್ಣ ಎಂಬ ನಿಯಮ ಬಂತು, ಸಭೆಗೆ ಕರೆದು ಶಾಲು ಹೊದೆಸಿದ್ದೂ ಆಯಿತು. ಕಣ್ಣು ಕಿವಿಯ ಲೆಕ್ಕ ಸರಿಯಾಗಿಯೇ ಬರೆದುಕೊಂಡಿದ್ದಾರೆ. ಹೊಟ್ಟೆ ಯಾವ ಇಲಾಖೆಗೆ ಬರುತ್ತದೆ ಎಂಬುದು ಇನ್ನೂ ತೀರ್ಮಾನವಾದಂತಿಲ್ಲ.

ಆಯುಧ ತಯಾರಿಸುವ ಊರುಗಳಿಗೂ ಅಮೆರಿಕದಲ್ಲಿ ಬೇರೊಂದು ಅನುದಾನ ಉಂಟು. ನಮ್ಮಲ್ಲೂ 2018ರ ಬಜೆಟ್ಟಿನಲ್ಲಿ ಎರಡು ರಕ್ಷಣಾ ಕೈಗಾರಿಕಾ ಕಾರಿಡಾರ್ ಘೋಷಿಸಿದರು. ಒಂದು ಉತ್ತರ ಪ್ರದೇಶಕ್ಕೆ, ಇನ್ನೊಂದು ತಮಿಳುನಾಡಿಗೆ. 1940ರಿಂದ ವಿಮಾನದ ಕಾರ್ಖಾನೆ ಇಟ್ಟುಕೊಂಡ ಬೆಂಗಳೂರನ್ನು ಬಿಟ್ಟು, ಕಾರಿಡಾರ್ ಅತ್ತಿಬೆಲೆಯ ಗಡಿಯಾಚೆ ಹೊಸೂರಿನಲ್ಲೇ ಬ್ರೇಕ್ ಹಾಕಿತು. ಏನೇ ಬಂದರೂ ಘಟ್ಟದ ಮೇಲೆಯೇ ನಿಲ್ಲುತ್ತದೆ ಎಂದು ಸದಾ ಗೊಣಗುವ ನಮಗೆ, ಅವರಿಗೂ ಹೀಗಾಯಿತಲ್ಲ ಎಂದು ಒಂದಿಷ್ಟು ಸಮಾಧಾನ ಆದದ್ದು ಸುಳ್ಳಲ್ಲ.

ಮತ್ತೆ ಸಂಕಕ್ಕೆ ಬರೋಣ. ಅಳಿಯ ಅಲ್ಲಿಯ ನಿಯಮಗಳನ್ನು ವಾಟ್ಸ್ಯಾಪಿನಲ್ಲಿ ಕಳಿಸಿದ್ದ. ಅದೇ ನಮೂನೆಯಲ್ಲಿ ನಮ್ಮದೂ ಇರಲಿ ಎಂದು ಕೂತೆವು. ಹಣ ಸಿಕ್ಕಿ ಒಂದು ವರ್ಷದೊಳಗೆ ಕೆಲಸ ಶುರುವಾಗಬೇಕಂತೆ, ಅಗೆಯಲು ತಯಾರಿರುವ ಊರಿಗೆ ಮಾತ್ರ ದುಡ್ಡು. ಇದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ನೀರಿನ ಪೈಪಿಗೆಂದು ಅಗೆದದ್ದು, ಕೇಬಲಿಗೆಂದು ಅಗೆದದ್ದು, ಪೈಪು ಎಲ್ಲಿದೆ ಎಂದು ಹುಡುಕಲು ಅಗೆದದ್ದು, ಎಲ್ಲ ಹಾಗೇ ಬಾಯಿ ತೆರೆದು ಕೂತಿವೆ. ‘ಅರ್ಜಿಗೆ ಮುಂಚೆಯೇ ಅಗೆದಾಗಿದೆ’ ಎಂದು ಬರೆದೆವು.

ತೊಡಕಾದದ್ದು ಮೊತ್ತದಲ್ಲಿ. ಅಲ್ಲಿ ಕನಿಷ್ಠ ಅನುದಾನವೇ 2.5 ಲಕ್ಷ ಡಾಲರ್. ನಮ್ಮ ರೂಪಾಯಿಯಲ್ಲಿ ಎರಡು ಕೋಟಿ ದಾಟುತ್ತದೆ. ನಮ್ಮ ಸಂಕಕ್ಕೆ ಎಂಟು ಅಡಿ ಸ್ಲ್ಯಾಬು, ಎರಡು ಕಡೆ ಕಲ್ಲು ಕಟ್ಟಿದರೆ ಮುಗಿಯಿತು. ಇಷ್ಟು ಸಣ್ಣ ಸಂಕಕ್ಕೆ ಅಷ್ಟು ದೊಡ್ಡ ದೇಶಭಕ್ತಿ ತುಂಬಿಸುವುದು ಹೇಗೆ? ಮೂಲೆಯಲ್ಲಿ ಚಾ ಕುಡಿಯುತ್ತಿದ್ದ ಕಂಟ್ರಾಕ್ಟರು ಲೋಟ ಕೆಳಗಿಟ್ಟು, “ಅದೆಂತ ದೊಡ್ಡ ಸಂಗತಿ? ಸಂಕವನ್ನು ತೋಡಿಗೆ ಅಡ್ಡ ಕಟ್ಟುವ ಬದಲು ಉದ್ದಕ್ಕೆ ಕಟ್ಟಿದರಾಯ್ತು,” ಎಂದರು. ಅವರು ತಮಾಷೆಗೆ ಹೇಳಿದರೋ ಅಂದಾಜುಪಟ್ಟಿಯನ್ನೇ ಹೇಳಿದರೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ತೆರಿಗೆಯ ವಿಷಯ ಎತ್ತಿದವರು ಸುಬೇದಾರರು. ಸೈನ್ಯದ ಜಾಗದಿಂದ ಊರಿಗೆ ತೆರಿಗೆ ಬರುವುದಿಲ್ಲ, ಹಾಗಾಗಿ ಶಾಲೆಗೆ ದುಡ್ಡಿಲ್ಲ ಎಂದು ಅಮೆರಿಕದವರು 1950ರಲ್ಲೇ ಕಾನೂನು ಮಾಡಿ ಆ ಕೊರತೆಯನ್ನು ಕೇಂದ್ರದಿಂದ ತುಂಬಿಸುವ ಏರ್ಪಾಡು ಮಾಡಿದ್ದಾರೆ. ನಮ್ಮ ಸಂವಿಧಾನದ 285ನೇ ವಿಧಿಯಂತೆಯೂ ಕೇಂದ್ರದ ಆಸ್ತಿಗೆ ರಾಜ್ಯವಾಗಲಿ ಪಂಚಾಯತಾಗಲಿ ತೆರಿಗೆ ಹಾಕುವ ಹಾಗಿಲ್ಲ. ಸೇವಾಶುಲ್ಕ ಅಂತ ಏನೋ ಉಂಟು, ಅದನ್ನು ಕೇಳಿ ಪಡೆಯಬೇಕು. ಕೇಳುವುದು ಹೇಗೆಂದು ಗೊತ್ತಿರುವವರು ಪಂಚಾಯತಿನಲ್ಲಿ ಇರಬೇಕು. ನೆರೆಹೊರೆಯವರಿಗೆ ತಪ್ಪದೆ ಸಿಗುವುದು ಬೇರೊಂದು. 1903ರ ರಕ್ಷಣಾ ಕಾಮಗಾರಿ ಕಾಯ್ದೆ ಎಂಬ ಬ್ರಿಟಿಷರ ಕಾಲದ ಕಾನೂನು ಇನ್ನೂ ಗಟ್ಟಿಯಾಗಿದೆ. ರಕ್ಷಣಾ ನೆಲೆಯ ಸುತ್ತ ಇಂತಿಷ್ಟು ದೂರದೊಳಗೆ ಕಟ್ಟಡ ಕಟ್ಟಬಾರದು, ಮರ ಬೆಳೆಸಬಾರದು ಎಂದು ನಿರ್ಬಂಧ ಹಾಕಲು ಬರುವಂಥದ್ದು. ಅಲ್ಲಿ ಸೈನ್ಯದ ಪಕ್ಕ ಮನೆಯಿದ್ದರೆ ಅನುದಾನ, ಇಲ್ಲಿ ನೋಟಿಸು.

“ಅದು ಬರೀಬೇಡಿ,” ಎಂದರು ಮೆಂಬರು. “ಯಾರಾದರೂ ಓದಿಯಾರು.”

ಅರ್ಜಿ ಹೋಯಿತು. ವಿಷಯ: ‘ಸೈನಿಕ ಮಹತ್ವವುಳ್ಳ ಕಾಲುಸಂಕದ ಮರುನಿರ್ಮಾಣದ ಬಗ್ಗೆ’. ಜೊತೆಗೆ ಸುಬೇದಾರರು ಪದಕ ಹಾಕಿಕೊಂಡು ಒಂದೇ ಮರದ ಮೇಲೆ ನಿಂತ ಫೋಟೋ. ಎಂದೂ ಇಲ್ಲದ ಹಾಗೆ ಮೂರೇ ವಾರದಲ್ಲಿ ಜೀಪು ಬಂತು. ಇಬ್ಬರು ಇಳಿದರು. ಸಂಕ ನೋಡಿದರು, ತೋಡು ನೋಡಿದರು, ಟೇಪು ಹಿಡಿದರು. ಭಟ್ರು ಫ್ಲಾಸ್ಕಿನಲ್ಲಿ ಕಾಫಿ ಕಳಿಸಿದರು, ಕುಡಿದರು.

“ಇದು ಸೈನಿಕ ಮಹತ್ವದ್ದು ಅಂತ ಬರೆದದ್ದು ನೀವೇ ಅಲ್ವಾ?”

“ಹೌದು ಸಾರ್,” ಎಂದೆವು ಒಕ್ಕೊರಲಿನಿಂದ.

“ಹಾಗಿದ್ದ ಮೇಲೆ ಇದರ ಫೋಟೋ ತೆಗೆದು ಹೊರಗೆ ಕಳಿಸಿದ್ದು ಯಾರು?”

ಸುಬೇದಾರರು ಪದಕವನ್ನು ನಿಧಾನಕ್ಕೆ ಕಿಸೆಗೆ ಹಾಕಿಕೊಂಡರು.

ಮುಂದಿನ ಸೋಮವಾರ ತೋಡಿನ ಬದಿಯಲ್ಲಿ ಬೋರ್ಡು ಬಿತ್ತು. ದಪ್ಪ ಕಬ್ಬಿಣದ ತಗಡು, ಕೆಂಪು ಬಣ್ಣ, ಬಿಳಿ ಅಕ್ಷರ: ‘ನಿಷೇಧಿತ ಪ್ರದೇಶ. ಫೋಟೋ ತೆಗೆಯಬಾರದು.’ ಇಷ್ಟು ವರ್ಷದಲ್ಲಿ ನಮ್ಮ ಸಂಕಕ್ಕೆ ಸರ್ಕಾರದಿಂದ ಬಂದ ಮೊದಲ ಸಾಮಗ್ರಿ. ಒಂದು ಆಷಾಢದ ಗಾಳಿಗೆ ಅದು ಬುಡಸಮೇತ ವಾಲಿತು. ರಿಕ್ಷಾದ ಅಣ್ಣ, ಕಂಟ್ರಾಕ್ಟರ ಆಳು, ನಾನು ಸೇರಿ ಎತ್ತಿ ಉಳಿದ ಅಡಿಕೆ ಮರದ ಪಕ್ಕಕ್ಕೆ ಹಾಕಿ ಹಗ್ಗ ಬಿಗಿದೆವು. ಅಳತೆ ಮಾಡಿಸಿದ ಹಾಗೆ ಕೂತಿತು. ಈಗ ಮಕ್ಕಳು ಅದರ ಮೇಲೆಯೇ ಶಾಲೆಗೆ ಹೋಗುತ್ತಾರೆ. ಮಳೆ ಬಂದಾಗ ಮಾತ್ರ ‘ನಿಷೇಧಿತ’ದ ಹತ್ತಿರ ಸ್ವಲ್ಪ ಜಾರುತ್ತದೆ. ಕಾಲನ್ನು ‘ಪ್ರದೇಶ’ದ ಮೇಲೆ ಇಟ್ಟು ಹೋಗಿ ಮಕ್ಕಳೇ, ಅಲ್ಲಿ ತಗಡು ಗಟ್ಟಿ ಉಂಟು ಎಂದು ಸುಬೇದಾರರು ದಿನಾ ಬೆಳಿಗ್ಗೆ ದಡದಲ್ಲಿ ನಿಂತು ಹೇಳುತ್ತಿರುತ್ತಾರೆ.